ದಾರಿ ಬಲ್ಲವರು

ಕಳೆದ ಮಾರ್ಗಶಿರದ ಒಂದು ಮಧ್ಯಾಹ್ನ ನಮ್ಮ ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿ ಒಂದು ಸಣ್ಣ ವಾದ ಎದ್ದಿತು. ಕನ್ನಡ ವಿಭಾಗದ ವಿದ್ಯಾರ್ಥಿಗಳನ್ನು ಕರೆದುಕೊಂಡು ಸವದತ್ತಿ, ರಾಮದುರ್ಗಗಳ ಗುಡ್ಡಗಳಲ್ಲಿ ಮೂರು ದಿನ ಅಡ್ಡಾಡಿ, ಈವರೆಗೆ ಯಾರ ಪಟ್ಟಿಗೂ ಸೇರದೆ ಉಳಿದಿರಬಹುದಾದ ವೀರಗಲ್ಲುಗಳನ್ನು ಗುರುತಿಸಿ ಬರಬೇಕೆಂದು ನಾವು ಗೊತ್ತುಮಾಡಿದ್ದೆವು. ಕಲ್ಲು ಸಿಕ್ಕ ಸ್ಥಳವನ್ನು ಕರಾರುವಾಕ್ಕಾಗಿ ಬರೆದಿಡಲು ಒಂದು ಜಿಪಿಎಸ್ ಯಂತ್ರ ಬೇಕಾಗಿತ್ತು. ಅಂಗೈಯಲ್ಲಿ ಹಿಡಿಯುವಂಥ, ಅದಕ್ಕೆಂದೇ ಮಾಡಿದ ಯಂತ್ರವೊಂದನ್ನು ಕೊಳ್ಳಬೇಕೆಂದು ಭೂಗೋಲದ ಅಧ್ಯಾಪಕರು ಹೇಳಿದರು. ಪ್ರತಿಯೊಬ್ಬ ಹುಡುಗನ ಕಿಸೆಯಲ್ಲಿಯೂ ಮೊಬೈಲ್ ಫೋನು ಇರುವಾಗ, ಒಂದು ಆ್ಯಪ್ ಹಾಕಿಕೊಂಡರೆ ಮುಗಿಯುವ ಕೆಲಸಕ್ಕೆ ಸಾವಿರಾರು ರೂಪಾಯಿ ಸುರಿಯುವುದೇಕೆಂದು ವಾಣಿಜ್ಯದ ಅಧ್ಯಾಪಕರು ಕೇಳಿದರು. ಇಬ್ಬರ ಮಾತಿನಲ್ಲಿಯೂ ಹುರುಳಿತ್ತು.

ಮಗನ ಬಳಿ ಕೆಲವು ತಿಂಗಳು ಅಮೆರಿಕದಲ್ಲಿದ್ದು ಬಂದಿದ್ದ ಹಿರಿಯರೊಬ್ಬರು ಇದನ್ನು ಕೇಳಿ ನಕ್ಕರು. "ಅಲ್ಲಿ ಬೇಟಿಗೆ ಹೋಗವರೂ ಇದ ಜಗಳ ಆಡತಾರ ನೋಡ್ರಿ. ಫೋನೋ, ಕೈಯಾಗಿನ ಯಂತ್ರೋ ಅಂತ" ಎಂದರು. ಅಲ್ಲಿ ಪರವಾನಗಿ ಪಡೆದು, ಗೊತ್ತಾದ ಋತುವಿನಲ್ಲಿ ಬೇಟೆಯಾಡಲು ಕಾಯಿದೆಯ ಒಪ್ಪಿಗೆಯಿದೆ. ವಾಹನ ನಿಲ್ಲಿಸಿದ ಸ್ಥಳ, ಜಿಂಕೆ ಬಿದ್ದ ಸ್ಥಳ, ಸರಕಾರದ ಭೂಮಿ ಮುಗಿದು ಖಾಸಗಿ ಭೂಮಿ ಮೊದಲಾಗುವ ಗಡಿ, ಇವೆಲ್ಲವನ್ನೂ ಅವರು ಯಂತ್ರದಲ್ಲಿ ನೋಡಿಕೊಂಡೇ ನಡೆಯುತ್ತಾರಂತೆ. ಬೇಟೆನಾಯಿಯ ಕೊರಳಿಗೂ ಒಂದು ಯಂತ್ರ ಕಟ್ಟಿ, ಅದು ಎಲ್ಲಿ ಓಡಿತೆಂಬುದನ್ನು ಕೈಯಲ್ಲಿರುವ ಇನ್ನೊಂದು ಯಂತ್ರದಲ್ಲಿ ಕಾಣುತ್ತಾರಂತೆ.

"ನಮ್ಮಲ್ಲಿ ಬೇಟೆಯೇ ಇಲ್ಲ. ಆ ಜಗಳ ನಮಗೇಕೆ?" ಎಂದು ಯಾರೋ ಮಾತು ಮುಗಿಸಿದರು. ಅದೂ ನಿಜವೇ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮ ದೇಶದಲ್ಲಿ ಬೇಟೆ ಅಪರಾಧ. ಹಾಗಾದದ್ದು ಒಳ್ಳೆಯದೇ ಆಯಿತು. ಆದರೆ ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಕೊಂಡಿತು. ನನ್ನ ತಾಯಿಯ ತಂದೆ ರಾಮದುರ್ಗದ ಕಡೆಯವರು. ಯುಗಾದಿಯ ಸುಮಾರಿಗೆ ಊರ ಗಂಡಸರೆಲ್ಲ ಕೂಡಿ ಗುಡ್ಡಕ್ಕೆ ಬೇಟೆಗೆ ಹೊರಡುತ್ತಿದ್ದ ದಿನಗಳನ್ನು ಅವರು ನಮಗೆ ಹೇಳುತ್ತಿದ್ದರು. ಎರಡು ದಿನ, ಮೂರು ದಿನ ಅಲೆದು, ಕೆಲವೊಮ್ಮೆ ಬರಿಗೈಯಲ್ಲಿ, ಕತ್ತಲಲ್ಲಿಯೇ ಮನೆಗೆ ಮರಳುತ್ತಿದ್ದರಂತೆ. ಅವರ ಕೈಯಲ್ಲಿ ನಕಾಶೆ ಇರಲಿಲ್ಲ, ದಿಕ್ಸೂಚಿಯೂ ಇರಲಿಲ್ಲ. ಹಾಗಾದರೆ ಅವರ ಬಳಿ ಇದ್ದುದೇನು? ಅದು ಎಲ್ಲಿ ಹೋಯಿತು? ಈ ಲೇಖನಕ್ಕೆ ಕಾರಣವಾದದ್ದು ಆ ಪ್ರಶ್ನೆ.

ಮೊದಲು ಯಂತ್ರಗಳ ಮಾತನ್ನು ಮುಗಿಸಿಬಿಡೋಣ. ಎರಡರ ಜೀವಾಳವೂ ಒಂದೇ. ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿರುವ ಉಪಗ್ರಹಗಳು ಎಡೆಬಿಡದೆ ತಮ್ಮ ತಮ್ಮ ವೇಳೆಯನ್ನು ಸಾರುತ್ತಿರುತ್ತವೆ. ಆ ಸಂಕೇತ ನಮ್ಮನ್ನು ಮುಟ್ಟಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕಿ, ಕಡಿಮೆಯೆಂದರೆ ನಾಲ್ಕು ಉಪಗ್ರಹಗಳ ಲೆಕ್ಕವನ್ನು ಕೂಡಿಸಿ, ಯಂತ್ರ ನಾವಿರುವ ಸ್ಥಳವನ್ನು ಹೇಳುತ್ತದೆ. ಅಮೆರಿಕದ ಸೈನ್ಯ ತನಗಾಗಿ ಕಟ್ಟಿಕೊಂಡ ಈ ವ್ಯವಸ್ಥೆಯ ಮೊದಲನೆಯ ಉಪಗ್ರಹ ಏರಿದ್ದು ೧೯೭೮ರಲ್ಲಿ; ವ್ಯವಸ್ಥೆ ಪೂರ್ಣವಾದದ್ದು ೧೯೯೫ರಲ್ಲಿ. ಜನಸಾಮಾನ್ಯರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ಬೆರೆಸಿದ್ದ ತಪ್ಪನ್ನು ೨೦೦೦ದ ಮೇ ತಿಂಗಳಲ್ಲಿ ತೆಗೆದುಹಾಕಿದರು. ಅಲ್ಲಿಂದೀಚೆಗೆ ಬಯಲಿನಲ್ಲಿ ನಿಂತವನಿಗೆ ಹತ್ತು ಹೆಜ್ಜೆಯ ಒಳಗೇ ತನ್ನ ಠಾವು ತಿಳಿಯುವಂತಾಯಿತು. ನಮ್ಮ ದೇಶವೂ ೨೦೧೩ರಿಂದ ಇಂಥ ಉಪಗ್ರಹಗಳನ್ನು ಹಾರಿಸತೊಡಗಿತು. ೨೦೧೬ರಲ್ಲಿ 'ನಾವಿಕ್' ಎಂಬ ಹೆಸರು ಪಡೆದ ಆ ವ್ಯವಸ್ಥೆಯ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ.

ಟವರ್ ಇಲ್ಲದ ಕಡೆ ಫೋನಿನ ಜಿಪಿಎಸ್ ನಡೆಯುವುದಿಲ್ಲವೆಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು ತಿಳಿವಳಿಕೆ. ಉಪಗ್ರಹದ ಸಂಕೇತಕ್ಕೆ ಟವರಿನ ಹಂಗಿಲ್ಲ. ಟವರಿದ್ದರೆ ಠಾವು ಬೇಗ ಸಿಗುತ್ತದೆ, ಅಷ್ಟೆ. ಆದರೆ ನಕಾಶೆಯನ್ನು ಮನೆಯಲ್ಲಿಯೇ ಫೋನಿಗೆ ಇಳಿಸಿಕೊಂಡಿರಬೇಕು. ಇಲ್ಲದಿದ್ದರೆ ಖಾಲಿ ಹಾಳೆಯ ಮೇಲೆ ಒಂದು ನೀಲಿ ಚುಕ್ಕೆ ಕಾಣುವುದೇ ಹೊರತು ಮತ್ತೇನೂ ಇಲ್ಲ. ಕೈಯಂತ್ರ ಬಿದ್ದರೆ ಒಡೆಯುವುದಿಲ್ಲ, ಮಳೆಗೆ ಅಂಜುವುದಿಲ್ಲ, ಒದ್ದೆ ಕೈಯಿಂದಲೂ ಅದರ ಗುಂಡಿ ಒತ್ತಬಹುದು, ಸೆಲ್ಲು ತೀರಿದರೆ ಅಂಗಡಿಯಿಂದ ತಂದು ಹಾಕಬಹುದು. ಆದರೆ ಅದರ ತೆರೆ ಸಣ್ಣದು, ಬೆಲೆ ದೊಡ್ಡದು. ಫೋನಿನ ತೆರೆ ದೊಡ್ಡದು, ಚಿತ್ರ ತೆಗೆಯುತ್ತದೆ, ಮಾತು ಹಿಡಿದಿಡುತ್ತದೆ. ಆದರೆ ಸಂಜೆಗೆ ಅದರ ಉಸಿರು ಹೋಗುತ್ತದೆ. ಇಕ್ಕೆಲದಲ್ಲಿಯೂ ಬಂಡೆ ಎದ್ದ ಕೊಳ್ಳದಲ್ಲಿ ಆಕಾಶ ಕಿರಿದಾಗಿ, ಸಂಕೇತ ಬಂಡೆಗೆ ಬಡಿದು ಬಳಸಿ ಬರುವುದರಿಂದ ಅಲ್ಲಿ ಎರಡೂ ಎಡವುತ್ತವೆ. ಅಂತೂ ಭೂಗೋಲದವರು ಪರಿಚಯದವರಿಂದ ಒಂದು ಕೈಯಂತ್ರವನ್ನು ಎರವಲು ತಂದರು. ಎರಡನ್ನೂ ಒಯ್ದು ನೋಡಿ, ಬಂದ ಮೇಲೆ ಕೊಳ್ಳುವ ಮಾತು ಆಡೋಣವೆಂದು ಠರಾಯಿಸಿದೆವು.

ಈಗ ಹಿಂದಿನ ಕಾಲಕ್ಕೆ ಬರೋಣ. ಬೇಟೆಗೆ ಹಳಗನ್ನಡದಲ್ಲಿ 'ಬೇಂಟೆ' ಎನ್ನುತ್ತಿದ್ದರು. ಪಂಪನಲ್ಲಿ ಬೇಂಟೆಯ ವರ್ಣನೆ ಇದೆ. ಕುಮಾರವ್ಯಾಸನ ಅರಣ್ಯಪರ್ವದಲ್ಲಿ ಭೀಮನ ಬೇಟೆ ಇದೆ. ಇವನ್ನು ತರಗತಿಯಲ್ಲಿ ಪಾಠ ಹೇಳುವಾಗ ನಾವು ಅಲಂಕಾರಗಳನ್ನು ಎಣಿಸುತ್ತೇವೆ, ನಾಯಿಗಳ ಹೆಸರಿಗೆ ನಗುತ್ತೇವೆ. ಒಂದು ಸಂಗತಿಯನ್ನು ಮಾತ್ರ ಗಮನಿಸುವುದಿಲ್ಲ. ಬೇಟೆಗೆ ಹೊರಡುವವನು ಭೀಮನೇ ಆದರೂ, ಕಾಡಿನ ಸುದ್ದಿಯನ್ನು ಬಲ್ಲವರು ಬೇಡರು. ಮೃಗ ಎಲ್ಲಿ ನೀರಿಗೆ ಇಳಿಯುತ್ತದೆ, ಎಲ್ಲಿ ಮಲಗುತ್ತದೆ, ಯಾವ ಕಡೆಯಿಂದ ಗಾಳಿ ಬೀಸುತ್ತದೆ ಎಂಬುದು ಅರಸನ ವಿದ್ಯೆಯಲ್ಲ. ಅರಸನ ಮುಂದೆ ನಡೆಯುವವನ ವಿದ್ಯೆ.

ಸವದತ್ತಿಯ ರಟ್ಟರು ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದರು. ಆ ಚಾಲುಕ್ಯರಲ್ಲಿ ೧೧೨೬ರಿಂದ ೧೧೩೮ರ ವರೆಗೆ ಆಳಿದ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿ, ಅದರಲ್ಲಿ ಬೇಟೆಯ ವಿನೋದಕ್ಕೇ ಒಂದು ಭಾಗವನ್ನು ಮೀಸಲಿಟ್ಟ. ಸಾಕಿದ ಚೀತಾವನ್ನು ಬಿಟ್ಟು ಜಿಂಕೆಯನ್ನು ಹಿಡಿಸುವ ಬೇಟೆಯೂ ಅದರಲ್ಲಿ ಬರುತ್ತದೆ. ಈ ವಿದ್ಯೆ ಅರಸನ ಹೆಸರಿನಲ್ಲಿ ಗ್ರಂಥವಾಯಿತು. ಆದರೆ ಹುಲ್ಲಿನಲ್ಲಿ ಬಗ್ಗಿ ಹೆಜ್ಜೆ ನೋಡಿದವರು ಯಾರೆಂಬುದನ್ನು ಗ್ರಂಥ ಕೇಳಲಿಲ್ಲ.

ಇದಕ್ಕೆ ಒಂದು ಅಪವಾದ ಕನ್ನಡನಾಡಿನಲ್ಲಿಯೇ ಇದೆ. ದಕ್ಷಿಣದ ಮಂಡ್ಯ ಸೀಮೆಯ ಆತಕೂರಿನಲ್ಲಿ ಸಿಕ್ಕಿದ, ಸುಮಾರು ೯೫೦ರ ಶಾಸನವದು. ತಕ್ಕೋಲದಲ್ಲಿ ಚೋಳ ರಾಜಾದಿತ್ಯ ಸತ್ತ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಒಡೆಯನಾದ ಗಂಗ ಬೂತುಗನು ಬೇಕಾದುದನ್ನು ಬೇಡೆಂದಾಗ, ಅವನು ಊರನ್ನೂ ಬೇಡಲಿಲ್ಲ, ಹೊನ್ನನ್ನೂ ಬೇಡಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದ. ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು. ಅಮೆರಿಕದ ಬೇಟೆಗಾರ ಇಂದು ನಾಯಿಯ ಕೊರಳಿಗೆ ಯಂತ್ರ ಕಟ್ಟುತ್ತಾನೆಂದು ಕೇಳಿದಾಗ ನನಗೆ ನೆನಪಾದದ್ದು ಕಾಳಿ. ದಾರಿ ತೋರಿದ ಜೀವದ ಹೆಸರನ್ನು ಕಲ್ಲಿನಲ್ಲಿ ಬರೆಸುವ ದೊಡ್ಡತನ ಆಗ ಒಬ್ಬರಿಗಾದರೂ ಇತ್ತು.

ನಮ್ಮ ಸೀಮೆಗೆ ಮರಳೋಣ. ೧೮೨೪ರ ಅಕ್ಟೋಬರ್ ೨೩ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅಂದು ಅವನ ಕೈಕೆಳಗಿನ ಇಬ್ಬರು ಅಧಿಕಾರಿಗಳು, ಸ್ಟೀವನ್‌ಸನ್ ಮತ್ತು ಎಲಿಯಟ್, ಕಿತ್ತೂರಿನವರ ಕೈಗೆ ಸೆರೆಸಿಕ್ಕರು. ಡಿಸೆಂಬರಿನ ಮೊದಲಲ್ಲಿ ಬಿಡುಗಡೆಯಾಗುವವರೆಗೆ ಅವರು ಅಲ್ಲಿಯೇ ಇದ್ದರು. ಆ ಎಲಿಯಟ್ಟನಿಗೆ ಆಗ ೨೧ ವರ್ಷ. ಪೂರ್ಣ ಹೆಸರು ವಾಲ್ಟರ್ ಎಲಿಯಟ್. ಕನ್ನಡ ವಿದ್ಯಾರ್ಥಿಗಳು ಅವನನ್ನು ಶಾಸನಗಳಿಂದ ಬಲ್ಲರು. ಮುಂದೆ ಈ ದಕ್ಷಿಣ ಮಹಾರಾಷ್ಟ್ರ ಪ್ರಾಂತದಲ್ಲಿ ತಿರುಗಾಡಿ ೫೯೫ ಶಾಸನಗಳ ಪ್ರತಿ ಮಾಡಿಸಿದವನು ಅವನೇ. ನಮ್ಮ ಚಾಲುಕ್ಯರ, ರಟ್ಟರ ಇತಿಹಾಸಕ್ಕೆ ಹಾಕಿದ ಮೊದಲ ಕಲ್ಲುಗಳಲ್ಲಿ ಅದೂ ಒಂದು.

ಅವನು ಬೇಟೆಗಾರನೂ ಆಗಿದ್ದನೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ೧೮೩೩ರ ವರೆಗೆ ಈ ಸೀಮೆಯಲ್ಲಿದ್ದು ತಿರುಗಿದ ತಿರುಗಾಟದ ಫಲವಾಗಿ, ೧೮೩೯ರಲ್ಲಿ ಮದರಾಸಿನ ಒಂದು ವಿದ್ವತ್ಪತ್ರಿಕೆಯಲ್ಲಿ ಅವನು ಇಲ್ಲಿಯ ಸಸ್ತನಿ ಪ್ರಾಣಿಗಳ ಪಟ್ಟಿಯೊಂದನ್ನು ಪ್ರಕಟಿಸಿದ. ಆ ಪಟ್ಟಿಯ ತಲೆಬರಹದಲ್ಲಿಯೇ, ಈ ಪ್ರಾಂತದ ದೇಶಭಾಷೆಗಳಲ್ಲಿ ಪ್ರಾಣಿಗಳಿಗಿರುವ ಹೆಸರುಗಳನ್ನೂ ಕೊಟ್ಟಿದೆಯೆಂದು ಹೇಳಿಕೊಂಡಿದ್ದಾನೆ. ಇದು ಸಣ್ಣ ಮಾತಲ್ಲ. ಹೆಸರು ಬೇಕಾದರೆ ಹೆಸರು ಬಲ್ಲವನ ಹತ್ತಿರ ಕೂಡಬೇಕು. ಇಲಿಗಳ ಬಿಲವನ್ನು ಅಗೆದು, ಅವು ಕೂಡಿಟ್ಟ ಕಾಳನ್ನು ವಡ್ಡರು ತೆಗೆದುಕೊಳ್ಳುತ್ತಿದ್ದ ಸಂಗತಿಯನ್ನು ಎಲಿಯಟ್ ಬರೆದಿದ್ದಾನೆ. ಅದನ್ನು ಕುದುರೆಯ ಮೇಲಿಂದ ಕಂಡು ಬರೆಯಲಾಗುವುದಿಲ್ಲ. ಪೊದೆಗಳಲ್ಲಿ ಇರುವ ಒಂದು ಬಗೆಯ ಇಲಿಗೆ ಕನ್ನಡದಲ್ಲಿ 'ಗುಳಂದಿ' ಎಂದಿದ್ದ ಹೆಸರು ಆ ದಾರಿಯಿಂದ ವಿಲಾಯತಿಗೆ ಹೋಗಿ, ಪ್ರಾಣಿಶಾಸ್ತ್ರದಲ್ಲಿ 'ಗೊಲುಂಡಾ ಎಲಿಯಟೈ' ಎಂದಾಯಿತು. ಹೆಸರಿನ ಮೊದಲರ್ಧ ಕನ್ನಡ, ಎರಡನೆಯ ಅರ್ಧ ಎಲಿಯಟ್ಟನದು. ಬಿಲವನ್ನು ತೋರಿಸಿದವನಿಗೆ ಅದರಲ್ಲಿ ಪಾಲಿಲ್ಲ. ಎಲಿಯಟ್ಟನ ಮೇಲೆ ನನಗೆ ಸಿಟ್ಟಿಲ್ಲ. ಅವನು ಕೇಳಿದನಾದರೂ ಕೇಳಿದ, ಕೇಳಿದ್ದನ್ನು ಬರೆದಿಟ್ಟ. ನಮ್ಮವರು ಅಷ್ಟನ್ನೂ ಮಾಡಲಿಲ್ಲ.

ದಾರಿ ಬಲ್ಲವನ ಬೆಲೆಯನ್ನು ಕಂಪನಿ ಸರಕಾರ ಕಲಿತದ್ದು ಬೇಟೆಯಲ್ಲಿ ಅಲ್ಲ, ಯುದ್ಧದಲ್ಲಿ. ಚೆನ್ನಮ್ಮ ರಾಣಿ ಬೈಲಹೊಂಗಲದ ಸೆರೆಯಲ್ಲಿ ೧೮೨೯ರ ಫೆಬ್ರುವರಿ ೨ರಂದು ತೀರಿಕೊಂಡಳು. ಆ ಬಳಿಕ ಈಗಿನ ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯ ರಾಯಣ್ಣ ಎದ್ದ. ಅವನು ಶೇತಸನದಿ, ಎಂದರೆ ಭೂಮಿಯನ್ನು ಉಂಬಳಿಯಾಗಿ ಪಡೆದು ಊರು, ಕೋಟೆಗಳ ಕಾವಲು ಮಾಡುವವನು. ಇಂಥವನಿಗೆ ಯಾವ ಹಳ್ಳ ಯಾವ ತಿಂಗಳಲ್ಲಿ ಒಣಗುತ್ತದೆಂಬುದು ಅಂಗೈಯ ಗೆರೆಯಷ್ಟು ಪರಿಚಿತ. ಬೀಡಿಯ ಕಚೇರಿಯನ್ನು ಸುಟ್ಟ. ಇಂದು ಇಲ್ಲಿ, ನಾಳೆ ನಂದಗಡದ ಕಾಡಿನಲ್ಲಿ. ದೊಡ್ಡ ಫೌಜು ಅವನ ಬೆನ್ನು ಹತ್ತಿ ದಣಿಯಿತು. ಕೊನೆಗೆ ೧೮೩೦ರ ಏಪ್ರಿಲಿನಲ್ಲಿ ಅವನು ಸಿಕ್ಕದ್ದು ಫೌಜಿನ ಬಲದಿಂದಲ್ಲ, ಇದೇ ನೆಲದ ದಾರಿ ಬಲ್ಲ ಕೆಲವರನ್ನು ಸರಕಾರ ತನ್ನ ಕಡೆಗೆ ಮಾಡಿಕೊಂಡದ್ದರಿಂದ. ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ದಾರಿಯ ತಿಳಿವಳಿಕೆ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ರಾಯಣ್ಣನನ್ನು ಉಳಿಸಿದ್ದೂ ಅದೇ, ಕೊಂದದ್ದೂ ಅದೇ.

ಆದರೆ ಮನುಷ್ಯನನ್ನು ಎಷ್ಟು ದಿನ ನೆಚ್ಚುವುದು? ಇವತ್ತು ನಮ್ಮ ಕಡೆ ಇದ್ದವನು ನಾಳೆ ಆ ಕಡೆ ಹೋಗಬಹುದು. ತಿಳಿವಳಿಕೆಯನ್ನು ಮನುಷ್ಯನ ತಲೆಯಿಂದ ತೆಗೆದು ಕಾಗದದ ಮೇಲೆ ಇಟ್ಟುಕೊಳ್ಳಬೇಕು. ಆ ಕೆಲಸ ದಕ್ಷಿಣದಲ್ಲಿ ಆಗಲೇ ಮೊದಲಾಗಿತ್ತು. ೧೮೦೨ರ ಏಪ್ರಿಲಿನಲ್ಲಿ ಲ್ಯಾಂಬ್ಟನ್ನನು ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ತನ್ನ ಆಧಾರರೇಖೆಯನ್ನು ಅಳೆಯಲು ತೊಡಗಿದ. ಅವನು ಹೊರಿಸಿಕೊಂಡು ತಿರುಗಿದ ಥಿಯೊಡೊಲೈಟ್ ಯಂತ್ರದ ತೂಕ ಅರ್ಧ ಟನ್ನು. ಇಂದಿನ ಕೈಯಂತ್ರದ ತೂಕ ಒಂದು ಪಾವು ಕಾಳಿನಷ್ಟೂ ಇಲ್ಲ. ನಮ್ಮ ಹೊಲಗಳಿಗೆ ಬಂದದ್ದು ಮಾತ್ರ ಥಿಯೊಡೊಲೈಟ್ ಅಲ್ಲ, ಸರಪಳಿ. ೧೮೪೦ರ ದಶಕದಲ್ಲಿ ವಿಂಗೇಟ್ ಸಾಹೇಬನ ಮೇಲ್ವಿಚಾರಣೆಯಲ್ಲಿ ಕಂದಾಯದ ಮೋಜಣಿ ಈ ಸೀಮೆಯಲ್ಲಿ ನಡೆಯಿತು. ಸರಪಳಿಯ ಉದ್ದ ೩೩ ಅಡಿ. ಅದಕ್ಕೆ ೧೬ ಆಣೆ. ಆ ಸರಪಳಿ ಉದ್ದ, ಆ ಸರಪಳಿ ಅಗಲ ಇದ್ದರೆ ಒಂದು ಗುಂಟೆ. ೪೦ ಗುಂಟೆಗೆ ಒಂದು ಎಕರೆ. ಇಂದಿಗೂ ಬೈಲಹೊಂಗಲದ ಪೇಟೆಯಲ್ಲಿ ಹೊಲದ ವ್ಯವಹಾರ ನಡೆಯುವುದು ಆ ಸರಪಳಿಯ ಮಾತಿನಲ್ಲಿಯೇ.

ಸರಪಳಿಯಿಂದ ರೈತನಿಗೆ ಉಪಕಾರವೂ ಆಯಿತು. ನೆರೆಯವನು ಬಾಂದಗಲ್ಲನ್ನು ಸರಿಸಿದರೆ ತೋರಿಸಲು ಕಾಗದ ಸಿಕ್ಕಿತು. ಆದರೆ ಸರಪಳಿಗೆ ಬೇಕಾದದ್ದು ತೆರಿಗೆ ಕೊಡುವ ನೆಲ. ಗುಡ್ಡ, ಕೊಳ್ಳ, ಗಾಯರಾಣಗಳು ಕಾಗದದಲ್ಲಿ ಬರಿಯ ಒಂದು ನಂಬರಾದವು. ಬೇಟೆಗಾರನಿಗೂ ಕುರುಬನಿಗೂ ನೂರು ಹೆಸರು ಇದ್ದ ಜಾಗಕ್ಕೆ ದಫ್ತರದಲ್ಲಿ ಒಂದು ನಂಬರು ಸಾಕಾಯಿತು.

ಬೇಟೆಗಾರನ ಕೈಯಿಂದ ಆಯುಧ ಹೋದದ್ದೂ ಅದೇ ಕಾಲದಲ್ಲಿ. ರಾಮದುರ್ಗದ ಈಶಾನ್ಯಕ್ಕೆ, ಮುಧೋಳ ಸೀಮೆಯಲ್ಲಿ ಹಲಗಲಿ ಇದೆ. ೧೮೫೭ರ ನಿಶ್ಶಸ್ತ್ರೀಕರಣದ ಕಾಯಿದೆಯಂತೆ ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆ ಬಂದಾಗ ಅಲ್ಲಿಯ ಬೇಡರು ಒಪ್ಪಲಿಲ್ಲ. ಆಯುಧ ಅವರ ಬದುಕು, ಅವರ ಮಾನ. ಆ ವರ್ಷ ನವೆಂಬರಿನ ಕೊನೆಗೆ ಸೈನ್ಯ ಹಲಗಲಿಯನ್ನು ಮುತ್ತಿ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೆ ಹಾಕಿದರು. ಆ ಲಾವಣಿಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಮರುವರ್ಷ ಮೇ ೨೯ರ ರಾತ್ರಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ನನನ್ನು ನರಗುಂದದ ಬಾಬಾಸಾಹೇಬನ ಜನ ಕೊಂದರು. ಕತ್ತಲಲ್ಲಿ ದಾರಿ ಬಲ್ಲವರು ಯಾರೆಂಬುದು ಅಂದೂ ಗೊತ್ತಾಯಿತು. ಆದರೆ ಅದು ಕೊನೆಗಾಲ. ಆಯುಧ ಹೋಯಿತು, ಕಾಡು ಸರಕಾರದ್ದಾಯಿತು, ಬಂದೂಕು ಪರವಾನಗಿ ಇದ್ದ ಸಾಹೇಬರ, ಸಂಸ್ಥಾನಿಕರ ವಿನೋದವಾಯಿತು. ಬೇಡ ಅವರ ಮುಂದೆ ಸೋಹುವವನಾಗಿ ಉಳಿದ. ಹೀಗೆ ಚಿಗರಿಯ ಹಿಂಡುಗಳು ಕರಗಿ, ಚೀತಾ ನಾಡಿನಿಂದಲೇ ಅಳಿದ ಮೇಲೆ, ೧೯೭೨ರ ಕಾಯಿದೆ ಬಂದಿತು. ಪ್ರಾಣಿಗಳು ಉಳಿಯಲು ಅದು ಬೇಕೇ ಆಗಿತ್ತು. ಬೇಟೆ ನಿಂತದ್ದಕ್ಕೆ ನಾನು ಮರುಗುವುದಿಲ್ಲ. ಬೇಟೆಯ ಜೊತೆಗೆ ಬೇಟೆಗಾರ ಬಲ್ಲ ನೆಲದ ಓದೂ ನಿಂತುಹೋಯಿತಲ್ಲ, ಮರುಕ ಅದಕ್ಕೆ.

ಪೂರ್ತಿ ನಿಂತಿತೆಂದರೂ ತಪ್ಪಾದೀತು. ಇಂದು ಮೃಗದ ಹೆಜ್ಜೆ ಹಿಡಿದು ನಡೆಯುವವರು ಅರಣ್ಯ ಇಲಾಖೆಯ ಕಾವಲುಗಾರರು. ಕಿತ್ತೂರಿನಿಂದ ಪಶ್ಚಿಮಕ್ಕೆ ಹೋದರೆ ಖಾನಾಪುರ ತಾಲೂಕಿನಲ್ಲಿ ೨೦೧೧ರಲ್ಲಿ ವನ್ಯಜೀವಿಧಾಮವಾದ ಭೀಮಗಡ, ಅದರಾಚೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ನಾಲ್ಕು ವರ್ಷಕ್ಕೊಮ್ಮೆ ಹುಲಿಗಳ ಎಣಿಕೆ ನಡೆಯುವಾಗ ಕಾವಲುಗಾರ ಗೊತ್ತಾದ ದಾರಿಯಲ್ಲಿ ನಡೆದು ಹೆಜ್ಜೆ, ಹಿಕ್ಕೆ, ಉಗುರಿನ ಗೆರೆಗಳನ್ನು ಬರೆಯುತ್ತಾನೆ. ಮೊದಮೊದಲು ಒಂದು ಕೈಯಲ್ಲಿ ಜಿಪಿಎಸ್ ಯಂತ್ರ, ಇನ್ನೊಂದು ಕೈಯಲ್ಲಿ ಕಾಗದದ ನಮೂನೆ. ೨೦೧೦ರಲ್ಲಿ 'ಎಂ-ಸ್ಟ್ರೈಪ್ಸ್' ಎಂಬ ವ್ಯವಸ್ಥೆ ಬಂದು, ೨೦೧೮ರ ಎಣಿಕೆಯ ಹೊತ್ತಿಗೆ ಅದು ಫೋನಿನ ಆ್ಯಪ್ ಆಗಿ, ನಡೆದ ದಾರಿ, ಕಂಡ ಗುರುತು, ತೆಗೆದ ಚಿತ್ರ ಮೂರೂ ಒಂದೇ ಕಡೆ ಸೇರತೊಡಗಿದವು. ನಮ್ಮ ಅಧ್ಯಾಪಕರ ಕೋಣೆಯ ವಾದವನ್ನು ಕಾಡು ಆಗಲೇ ತೀರ್ಮಾನಿಸಿಬಿಟ್ಟಿತ್ತೆನ್ನಬೇಕು. ಆದರೆ ಹೆಜ್ಜೆ ಹುಲಿಯದೋ ಚಿರತೆಯದೋ ಎಂದು ಮೊದಲು ಹೇಳುವವನು ಇಂದಿಗೂ ಬಗ್ಗಿ ನೋಡುವ ಮನುಷ್ಯನೇ.

ಇನ್ನು ನಮ್ಮ ಪ್ರವಾಸದ ಕಥೆ. ಮೊದಲನೆಯ ದಿನ ಸವದತ್ತಿ. ನವಿಲುತೀರ್ಥದ ಹೆಸರಿನಲ್ಲಿ ನವಿಲು ಇನ್ನೂ ಇದೆ; ಮಲಪ್ರಭೆ ಅಣೆಕಟ್ಟಿನ ಹಿಂದೆ ರೇಣುಕಾಸಾಗರವಾಗಿ ನಿಂತಿದ್ದಾಳೆ. ಎರಡನೆಯ ದಿನ ನಾವು ಸುರೇಬಾನದ ಕಡೆಗೆ ನಡೆದೆವು. ಬೇಡತಿ ಶಬರಿ ರಾಮನಿಗಾಗಿ ಕಾದಳೆಂದು ಐತಿಹ್ಯ ಹೇಳುವ ಶಬರಿಕೊಳ್ಳ ಅಲ್ಲಿಯೇ ಇದೆ. ರಾಮಾಯಣದಲ್ಲಿ ರಾಮನಿಗೆ ಮತಂಗವನವನ್ನು ತೋರಿಸಿದವಳೂ ಅವಳೇ. ಅಂದು ಅದು ನಮಗೆ ನೆನಪಾಗಬೇಕಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಮೂರು ಫೋನುಗಳು ಚಿತ್ರ ತೆಗೆದು ತೆಗೆದು ಸತ್ತಿದ್ದವು. ಕೈಯಂತ್ರ ಮಾತ್ರ ಗಟ್ಟಿಯಾಗಿತ್ತು. ಭೂಗೋಲದವರ ಮುಖದಲ್ಲಿ ಒಂದು ಸಣ್ಣ ಗೆಲುವು ಕಂಡಿತು. ಗುಡ್ಡದಾಚೆಯ ಹಳ್ಳಿಗೆ ಸಮೀಪದ ದಾರಿ ಯಾವುದೆಂದು ನೋಡಿ, ಉಳಿದ ಫೋನಿನಲ್ಲೊಂದು ಗೆರೆ, ಕೈಯಂತ್ರದಲ್ಲೊಂದು ಬಾಣ, ಎರಡೂ ಒಂದೇ ಕಡೆ ತೋರಿದ್ದರಿಂದ ನಾನು ಹಿಂದೆಮುಂದೆ ನೋಡದೆ ಹುಡುಗರನ್ನು ಆ ಕಡೆಗೆ ನಡೆಸಿದೆ. ಕವಳಿಯ ಕಂಟಿ, ಬಾರಿಯ ಕಂಟಿಗಳಲ್ಲಿ ಬಟ್ಟೆ ಹರಿದುಕೊಂಡು ಒಂದು ತಾಸು ನಡೆದೆವು. ಮುಂದೆ ಹೋಗುತ್ತಿದ್ದ ಹುಡುಗ ತಟ್ಟನೆ ನಿಂತ.

"ಸರ, ಗೆರಿ ಇಲ್ಲೇ ಹೋಗತೈತ್ರಿ. ಆದರ ಮುಂದ ನೆಲಾ ಇಲ್ರಿ."

ನಿಜವೇ. ಕಾಲ ಕೆಳಗೆ ಮೂರಾಳು ಆಳದ ಕೊಳ್ಳ. ಹೊತ್ತು ಇಳಿಯುತ್ತಿತ್ತು, ನೀರಿನ ಬಾಟಲಿಗಳು ಬರಿದಾಗಿದ್ದವು, ಹುಡುಗಿಯೊಬ್ಬಳು ಬಿಸಿಲಿಗೆ ಬಳಲಿ ಕೂತುಬಿಟ್ಟಿದ್ದಳು. ಹದಿನಾಲ್ಕು ಮಕ್ಕಳ ತಾಯ್ತಂದೆಯರಿಗೆ ನಾನು ಜವಾಬುದಾರ. ನನ್ನ ಎದೆ ಡವಗುಟ್ಟತೊಡಗಿತೆಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಅಷ್ಟರಲ್ಲಿ ಎದುರಿನ ದಿಬ್ಬದಿಂದ ಒಂದು ಕೂಗು ಕೇಳಿತು. ಕುರಿಗಳ ಹಿಂದೆ ಒಬ್ಬ ಮುದುಕ, ಹೆಗಲ ಮೇಲೆ ಕಂಬಳಿ.

"ಎಲ್ಲಿಗಿ ಹೊಂಟೀರಿ ಮಾಸ್ತರ? ಅತ್ತಾಗ ದಾರಿ ಇಲ್ಲ. ಹಕ್ಕಿಗಷ್ಟ ಐತಿ."

ಸುತ್ತಿ ಬಂದು ಅವನು ನಮ್ಮನ್ನು ಕೂಡಿಕೊಂಡ. ಒಂದು ಮಾತೂ ಹೆಚ್ಚು ಆಡದೆ ಮೊದಲು ನೀರಿನ ಕಡೆ ನಡೆಸಿದ. ಬಂಡೆಯ ಸಂದಿಯಲ್ಲಿ, ಹತ್ತು ಮಾರು ದೂರದಿಂದಲೂ ಕಾಣದಂಥ ಒಂದು ಒರತೆ. ಹುಡುಗರು ಮೊಣಕಾಲೂರಿ ಕುಡಿದರು. ಆಮೇಲೆ ಇಳಿಯುವ ದಾರಿ. ದಾರಿಯುದ್ದಕ್ಕೂ ಅವನು ಹೆಸರು ಹೇಳುತ್ತ ಬಂದ. ಇದು ತೋಳನ ಗವಿ. ಇದು ಹೆಜ್ಜೇನಿನ ಬಂಡೆ. ಇದು ಚಿಗರಿ ಹಾಯುತ್ತಿದ್ದ ಒಡ್ಡು. ಈಗ ಅಲ್ಲಿ ಚಿಗರಿ ಇಲ್ಲ. ಅವನ ತಂದೆ ನೋಡಿದ್ದನಂತೆ. ಎರಡು ಮೈಲಿನೊಳಗೆ ಹನ್ನೊಂದು ಹೆಸರು. ಇಳಿದು ಬಂದ ಮೇಲೆ ನಾನು ಫೋನಿನ ನಕಾಶೆಯನ್ನು ನೋಡಿದೆ, ಕೈಯಂತ್ರವನ್ನೂ ನೋಡಿದೆ. ಎರಡರಲ್ಲಿಯೂ ಆ ಎರಡು ಮೈಲು ಬರಿಯ ಹಸಿರು ಬಣ್ಣ.

ತಪ್ಪು ಯಂತ್ರದ್ದಲ್ಲ. ನೀನು ಎಲ್ಲಿದ್ದೀಯೆಂದು ಅವೆರಡೂ ಸರಿಯಾಗಿಯೇ ಹೇಳಿದ್ದವು. ಆ ಸ್ಥಳ ಎಂಥದೆಂದು ಹೇಳುವ ಹೊಣೆ ಅವುಗಳದಾಗಿರಲಿಲ್ಲ. ಯಾರೋ ಮೊದಲು ಅವಕ್ಕೆ ಅದನ್ನು ಹೇಳಿರಬೇಕು. ಹೇಳಬಲ್ಲವರನ್ನು ನಾವು ಕೇಳಿಲ್ಲ. ಆ ಮುದುಕನ ಕಣ್ಣು ಮಂಜಾಗಿದೆ. ಮಕ್ಕಳು ದುಡಿಯಲು ಗೋವೆಯ ಕಡೆ ಹೋಗಿದ್ದಾರೆ. ಕುರಿ ಕಾಯುವವನು ಅವನ ಮನೆಯಲ್ಲಿ ಅವನೇ ಕೊನೆಯವನು. ನಾವು ಹುಡುಕಿ ಹೋದ ವೀರಗಲ್ಲು ಇನ್ನೂ ನೂರು ವರ್ಷ ನಿಂತೀತು. ಈ ಹನ್ನೊಂದು ಹೆಸರುಗಳಿಗೆ ಅಷ್ಟು ಆಯುಸ್ಸಿಲ್ಲ.

ಊರಿಗೆ ಬಂದ ಮೇಲೆ ನಮ್ಮ ವಾದ ಬೇಗ ಮುಗಿಯಿತು. ಎರವಲು ತಂದ ಕೈಯಂತ್ರದಲ್ಲಿ ಸ್ಥಳದ ಹೆಸರನ್ನು ಬರೆಯಲು ಕನ್ನಡ ಅಕ್ಷರವೇ ಇರಲಿಲ್ಲ. 'ತೋಳನ ಗವಿ'ಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನಾಳೆ ಓದುವವನು ಏನೆಂದು ಓದುತ್ತಾನೋ ದೇವರೇ ಬಲ್ಲ. ಎಲಿಯಟ್ಟನ ಕಾಲದಲ್ಲಿ ಗುಳಂದಿ ಗೊಲುಂಡಾ ಆಯಿತು. ಇಂದು ಮತ್ತೆ ಹಾಗಾಗುವುದು ಬೇಡ. ಫೋನಾದರೆ ಕನ್ನಡದಲ್ಲಿ ಬರೆಯಬಹುದು; ಹೇಳಿದವನ ಧ್ವನಿಯನ್ನೂ ಹೆಸರನ್ನೂ ಅದೇ ಠಾವಿಗೆ ಅಂಟಿಸಿಡಬಹುದು. ಆದ್ದರಿಂದ ಫೋನನ್ನೇ ಆರಿಸಿದೆವು. ಜೊತೆಗೆ ಚಾರ್ಜ್ ತುಂಬಿಕೊಳ್ಳಲು ಎರಡು ಪವರ್‌ಬ್ಯಾಂಕು ಕೊಂಡೆವು. ಖಾನಾಪುರದ ದಟ್ಟ ಕಾಡಿನಲ್ಲಿ ಮಳೆಗಾಲದಲ್ಲಿ ತಿರುಗುವವರಿಗೆ ನಾನು ಕೈಯಂತ್ರವನ್ನೇ ಹೇಳುತ್ತೇನೆ. ಯಾವುದನ್ನು ಒಯ್ದರೂ ಗುಡ್ಡ ಏರುವ ಮೊದಲು ಊರ ಕಟ್ಟೆಯ ಮೇಲೆ ಅರ್ಧ ತಾಸು ಕೂತು, ಇದ್ದವರನ್ನು ಕೇಳಿಕೊಂಡು ಹೋಗಬೇಕೆಂಬುದು ನಮ್ಮ ವಿಭಾಗದ ಈಗಿನ ನಿಯಮ.

ಸಂಕ್ರಾಂತಿಯಾದ ಮೇಲೆ ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ನಾನು ಮತ್ತೆ ಆ ಮುದುಕನಲ್ಲಿಗೆ ಹೋದೆ. ಫೋನನ್ನು ಅವನ ಮುಂದೆ ಹಿಡಿದು, ಒಂದೊಂದೇ ಹೆಸರನ್ನು ಮತ್ತೊಮ್ಮೆ ಹೇಳೆಂದೆವು. ಅವನು ಹೇಳಿದ. ಹೇಳಿ ಮುಗಿದ ಮೇಲೆ ಕೇಳಿದ:

"ಇವನ್ನ ಬರಕೊಂಡು ಏನ್ ಮಾಡ್ತೀರಿ ಮಾಸ್ತರ? ಬೇಟಿ ಅಂತೂ ಇಲ್ಲ."

"ನೀರಡಿಕಿ ಇನ್ನೂ ಐತೆಲ್ಲ ಅಜ್ಜಾ" ಎಂದೆ.

ಅವನು ನಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದು, ಉತ್ತರದ ದಿಬ್ಬದ ಕಡೆ ಕೋಲು ತೋರಿಸಿ, ಅಂದು ಹೇಳದಿದ್ದ ಇನ್ನೊಂದು ಒರತೆಯ ಹೆಸರು ಹೇಳಿದ. ಅದನ್ನೂ ಬರೆದುಕೊಂಡೆವು.